ಕಾಣದ ಸೋರಿಕೆಗೆ ಹೊಣೆ ಯಾರು?

ಮುಳಬಾಗಿಲನ್ನು ದಾಟಿ ಪೂರ್ವಕ್ಕೆ ಸಾಗುವ ರಾಷ್ಟ್ರೀಯ ಹೆದ್ದಾರಿಯು ಆಂಧ್ರದ ಪಲಮನೇರಿನತ್ತ ಹೊರಳುವ ಮುನ್ನ ನಂಗಲಿ ಎದುರಾಗುತ್ತದೆ. ಗಡಿ ತಪಾಸಣೆಗಾಗಿ ಲಾರಿಗಳು ಮೈಲುದ್ದ ಸಾಲುಗಟ್ಟಿ ನಿಲ್ಲುತ್ತಿದ್ದ ದಿನಗಳನ್ನು ಇಲ್ಲಿಯ ಹಿರಿಯರು ಇನ್ನೂ ಮರೆತಿಲ್ಲ. ಯಾವ ಸರಕು, ಎಷ್ಟು ತೂಕ, ಎಲ್ಲಿಂದ ಎಲ್ಲಿಗೆ, ರಸೀದಿ ಎಲ್ಲಿ? ಈ ಪ್ರಶ್ನೆಗಳಿಗೆ ಉತ್ತರ ಕೊಡದೆ ಒಂದು ಮೂಟೆ ಹುಣಸೆಹಣ್ಣು ಸಹ ಗಡಿ ದಾಟುವಂತಿರಲಿಲ್ಲ. ಆ ತಪಾಸಣೆಯಲ್ಲಿ ಕಿರುಕುಳವೂ ಇತ್ತು, ಲಂಚದ ದೂರುಗಳೂ ಇದ್ದವು. ಆದರೂ ಅದರ ಹಿಂದೆ ನ್ಯಾಯವಾದ ಒಂದು ತತ್ವವಿತ್ತು: ಸಾರ್ವಜನಿಕ ರಸ್ತೆಯಲ್ಲಿ ಸಾಗುವುದಕ್ಕೆ ಸಾರ್ವಜನಿಕ ಲೆಕ್ಕವಿರಬೇಕು.

ಈ ಮಾತನ್ನು ಪೀಠಿಕೆಯಾಗಿ ಎತ್ತಿಕೊಂಡುದಕ್ಕೆ ಕಾರಣವಿದೆ. ಯಾವ ಗಡಿಯಲ್ಲೂ ತೂಗದ, ಯಾರ ಬಳಿಯೂ ಸರಿಯಾದ ರಸೀದಿ ಇಲ್ಲದ ಒಂದು ವಸ್ತು ನಮ್ಮೆಲ್ಲರ ತಲೆಯ ಮೇಲೆ ದಿನವೂ ಹಾದುಹೋಗುತ್ತಿದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಅದರ ಹೆಸರು ಮೀಥೇನ್.

ನೈಸರ್ಗಿಕ ಅನಿಲವೆಂದು ನಾವು ಕರೆಯುವುದರ ಬಹುಪಾಲು ಮೀಥೇನೇ. ಅದನ್ನು ಉರಿಸಿದಾಗ, ಅಷ್ಟೇ ಶಾಖಕ್ಕಾಗಿ ಕಲ್ಲಿದ್ದಲನ್ನು ಉರಿಸಿದಾಗ ಬರುವುದರ ಸುಮಾರು ಅರ್ಧದಷ್ಟು ಇಂಗಾಲದ ಡೈಆಕ್ಸೈಡ್ ಮಾತ್ರ ಹೊರಬರುತ್ತದೆ. ಆದಕಾರಣವೇ ಅದಕ್ಕೆ 'ಶುದ್ಧ ಇಂಧನ' ಎಂಬ ಬಿರುದು ಸಂದಿದೆ. ಆದರೆ ಉರಿಯುವ ಮೊದಲೇ ತಪ್ಪಿಸಿಕೊಂಡು ಗಾಳಿಗೆ ಸೇರಿದ ಮೀಥೇನಿನ ಸ್ವಭಾವ ಬೇರೆ. ಇಪ್ಪತ್ತು ವರ್ಷಗಳ ಅವಧಿಯ ಲೆಕ್ಕದಲ್ಲಿ ಅದು ಇಂಗಾಲದ ಡೈಆಕ್ಸೈಡಿಗಿಂತ 80 ಪಟ್ಟಿಗೂ ಹೆಚ್ಚು ಶಾಖವನ್ನು ಹಿಡಿದಿಡುತ್ತದೆ. ಕೈಗಾರಿಕಾ ಯುಗಕ್ಕೆ ಮುಂಚೆ ಇದ್ದುದಕ್ಕೆ ಹೋಲಿಸಿದರೆ ಇಂದು ವಾಯುಮಂಡಲದಲ್ಲಿ ಅದರ ಪ್ರಮಾಣ ಎರಡೂವರೆ ಪಟ್ಟನ್ನು ಮೀರಿದೆ. ಭೂಮಿ ಈವರೆಗೆ ಕಂಡಿರುವ ತಾಪಮಾನದ ಏರಿಕೆಯಲ್ಲಿ ಸುಮಾರು ಮೂರನೆಯ ಒಂದು ಭಾಗಕ್ಕೆ ಮೀಥೇನ್ ಕಾರಣವೆಂದು ವಿಜ್ಞಾನಿಗಳು ಹೇಳುತ್ತಾರೆ. ಇದರಲ್ಲಿ ಒಂದು ಸಮಾಧಾನವೂ ಅಡಗಿದೆ. ಮೀಥೇನ್ ಗಾಳಿಯಲ್ಲಿ ಉಳಿಯುವುದು ಸರಾಸರಿ ಹನ್ನೆರಡು ವರ್ಷ ಮಾತ್ರ. ಇಂದು ಸೋರಿಕೆಯನ್ನು ತಡೆದರೆ ಅದರ ಫಲವನ್ನು ನಮ್ಮ ಮೊಮ್ಮಕ್ಕಳಷ್ಟೇ ಅಲ್ಲ, ನಾವೂ ಕಾಣಬಹುದು.

ಕೋಲಾರದ ರೈತನಿಗೂ ಈ ಅನಿಲಕ್ಕೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ಪ್ರಶ್ನೆ ಸಹಜವಾದುದೇ. ನಮ್ಮ ಕಾಲಡಿಯಲ್ಲಿರುವುದು ಗಡಸು ಕಲ್ಲು. ಚಿನ್ನವನ್ನು ಕೊಟ್ಟ ಈ ನೆಲದಲ್ಲಿ ಅನಿಲವಿಲ್ಲ. ಆದರೆ ಸಂಬಂಧವಿರಲು ಬಾವಿ ನಮ್ಮೂರಿನಲ್ಲೇ ಇರಬೇಕೆಂದಿಲ್ಲ. 2011ರಲ್ಲಿ ನಮ್ಮ ಸರ್ಕಾರಿ ಸ್ವಾಮ್ಯದ ಗೇಲ್ ಸಂಸ್ಥೆಯು ಅಮೆರಿಕದ ಸಬೀನ್ ಪಾಸ್ ಬಂದರಿನಿಂದ ವರ್ಷಕ್ಕೆ 35 ಲಕ್ಷ ಟನ್ ದ್ರವೀಕೃತ ಅನಿಲವನ್ನು ಇಪ್ಪತ್ತು ವರ್ಷ ಕೊಳ್ಳುವ ಒಪ್ಪಂದವನ್ನು ಮಾಡಿಕೊಂಡಿತು. 2018ರ ಮಾರ್ಚಿಯಲ್ಲಿ ಅದರ ಮೊದಲ ಹಡಗು ಮಹಾರಾಷ್ಟ್ರದ ದಾಭೋಲ್ ತೀರವನ್ನು ತಲುಪಿತು. ಅದೇ ದಾಭೋಲಿನಿಂದ ಬೆಳಗಾವಿ, ಧಾರವಾಡಗಳ ಮಾರ್ಗವಾಗಿ ಬೆಂಗಳೂರಿಗೆ ಹಾಸಿರುವ ಕೊಳವೆಮಾರ್ಗ 2013ರಿಂದ ಕೆಲಸ ಮಾಡುತ್ತಿದೆ. ರಾಜಧಾನಿಯ ಅಡುಗೆಮನೆಗಳು, ಆಟೋರಿಕ್ಷಾಗಳು, 2024ರಲ್ಲಿ ಉದ್ಘಾಟನೆಯಾದ ಯಲಹಂಕದ ವಿದ್ಯುತ್ ಸ್ಥಾವರ, ಇವೆಲ್ಲವೂ ಅನಿಲವನ್ನು ನೆಚ್ಚಿವೆ. 2021ರ ಜನವರಿಯಲ್ಲಿ ಲೋಕಾರ್ಪಣೆಯಾದ ಕೊಚ್ಚಿ-ಮಂಗಳೂರು ಕೊಳವೆಮಾರ್ಗ ಪಣಂಬೂರಿನ ಗೊಬ್ಬರ ಕಾರ್ಖಾನೆಯವರೆಗೂ ಅನಿಲವನ್ನು ತಂದಿದೆ. ನಮ್ಮ ದೇಶದಲ್ಲಿ ಈ ಅನಿಲದ ಅತಿ ದೊಡ್ಡ ಗ್ರಾಹಕ ಗೊಬ್ಬರದ ಉದ್ಯಮವೇ. ಮುಳಬಾಗಿಲಿನ ಟೊಮೇಟೊ ತೋಟಕ್ಕೆ ಸುರಿಯುವ 45 ಕಿಲೋ ಯೂರಿಯಾ ಚೀಲವು ಒಂದರ್ಥದಲ್ಲಿ ಗಟ್ಟಿಯಾದ ಮೀಥೇನೇ. ಆ ಚೀಲವನ್ನು ಹೆಗಲಿಗೇರಿಸಿಕೊಂಡವನು ಈ ಚರ್ಚೆಗೆ ಹೊರಗಿನವನಲ್ಲ.

ಈಗ ಆ ಅನಿಲ ಮೇಲೆ ಬರುವ ಬಗೆಯನ್ನು ನೋಡೋಣ. ಅಮೆರಿಕದಲ್ಲಿ ಇಂದು ಹೊರತೆಗೆಯುವ ಅನಿಲದ ಬಹುಪಾಲು ಬರುವುದು ಜೇಡುಗಲ್ಲಿನ ಪದರಗಳಿಂದ. ಅಲ್ಲಿಗೆ ಮೊದಲು ಲಂಬವಾಗಿ, ಅನಂತರ ಅಡ್ಡಲಾಗಿ ಕೊರೆದು, ನೀರು, ಮರಳು ಮತ್ತು ರಾಸಾಯನಿಕಗಳ ಮಿಶ್ರಣವನ್ನು ಭಾರಿ ಒತ್ತಡದಿಂದ ನುಗ್ಗಿಸಿ ಕಲ್ಲನ್ನು ಬಿರಿಯಿಸುತ್ತಾರೆ. ಇದಕ್ಕೆ ಫ್ರ್ಯಾಕಿಂಗ್ ಎಂದು ಹೆಸರು. ನಮ್ಮವರಿಗೆ ಈ ತಂತ್ರದ ಮೂಲತತ್ವ ತೀರ ಅಪರಿಚಿತವಲ್ಲ. ಇಳುವರಿ ಕುಗ್ಗಿದ ಕೊಳವೆಬಾವಿಗೆ ಒತ್ತಡದ ನೀರನ್ನು ನುಗ್ಗಿಸಿ ಬಂಡೆಯ ಬಿರುಕುಗಳನ್ನು ಹಿಗ್ಗಿಸುವ ಕ್ರಮ ನಮ್ಮ ದೇಶದ ಗಡಸು ಶಿಲೆಯ ಪ್ರದೇಶಗಳಲ್ಲಿ ಬಳಕೆಯಲ್ಲಿದೆ. ಆದರೆ ಉದ್ದೇಶದಲ್ಲೂ ಗಾತ್ರದಲ್ಲೂ ಅಜಗಜಾಂತರವಿದೆ. ಒಂದು ಅನಿಲದ ಬಾವಿಯನ್ನು ಹೀಗೆ ಬಿರಿಯಿಸಲು ಒಂದೂವರೆ ಕೋಟಿ ಲೀಟರ್ ನೀರು ತಗಲುವುದು ಅಪರೂಪವಲ್ಲ. 5,000 ಲೀಟರಿನ ಟ್ಯಾಂಕರುಗಳಲ್ಲಿ ಅಳೆದರೆ ಅದು 3,000 ಟ್ಯಾಂಕರ್ ನೀರು. ಬೇಸಿಗೆಯಲ್ಲಿ ಒಂದು ಟ್ಯಾಂಕರಿಗಾಗಿ ಕೊಡಗಳ ಸಾಲು ಹಚ್ಚಿ ಕಾದವರಿಗೆ, ಸಾವಿರ ಅಡಿ ಕೊರೆಸಿಯೂ ಧೂಳನ್ನೇ ಕಂಡವರಿಗೆ ಈ ಲೆಕ್ಕವನ್ನು ವಿವರಿಸುವ ಅಗತ್ಯವಿಲ್ಲ.

ನೀರಿನ ನಷ್ಟ ಕಣ್ಣಿಗೆ ಕಾಣುತ್ತದೆ. ಅನಿಲದ ಸೋರಿಕೆ ಕಾಣುವುದಿಲ್ಲ. ಬಾವಿಯ ಬಾಯಿಯಲ್ಲಿ, ಕವಾಟದ ಸಂದಿಯಲ್ಲಿ, ಒತ್ತಡ ಹೆಚ್ಚಿಸುವ ಯಂತ್ರಗಳಲ್ಲಿ, ಸಾಗಿಸುವ ಕೊಳವೆಗಳಲ್ಲಿ, ಅನಿಲವನ್ನು ದ್ರವವಾಗಿಸುವ ಸ್ಥಾವರದಲ್ಲಿ, ಹಡಗಿನಲ್ಲಿ, ಹೀಗೆ ಹೆಜ್ಜೆಹೆಜ್ಜೆಗೂ ಅಷ್ಟಷ್ಟು ತಪ್ಪಿಸಿಕೊಳ್ಳುತ್ತದೆ. 2011ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದ ರಾಬರ್ಟ್ ಹಾವರ್ತ್ ಮತ್ತು ಅವರ ಸಹೋದ್ಯೋಗಿಗಳು ಈ ಸೋರಿಕೆಯನ್ನು ಲೆಕ್ಕಕ್ಕೆ ಹಿಡಿದರೆ ಜೇಡುಗಲ್ಲಿನ ಅನಿಲ ಕಲ್ಲಿದ್ದಲಿಗಿಂತ ಮೇಲೆನ್ನಲಾಗದು ಎಂದು ಬರೆದಾಗ ದೊಡ್ಡ ವಾಗ್ವಾದವೇ ನಡೆಯಿತು. ಅವರ ಅಂಕಿಗಳು ಅತಿಯಾದುವೆಂದು ಅನೇಕ ತಜ್ಞರು ಆಕ್ಷೇಪಿಸಿದರು. ಆದರೆ 2018ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟವಾದ ವಿಸ್ತಾರವಾದ ಅಧ್ಯಯನವು ಅಮೆರಿಕದಲ್ಲಿ ಉತ್ಪಾದನೆಯ ನೂರಕ್ಕೆ 2.3ರಷ್ಟು ಅನಿಲ ಸೋರಿಹೋಗುತ್ತಿದೆಯೆಂದೂ ಇದು ಸರ್ಕಾರದ ಅಂದಾಜಿಗಿಂತ ಸುಮಾರು ನೂರಕ್ಕೆ 60ರಷ್ಟು ಅಧಿಕವೆಂದೂ ತೋರಿಸಿತು. ವಿದ್ಯುತ್ ಉತ್ಪಾದನೆಯಲ್ಲಿ ಸೋರಿಕೆಯು ನೂರಕ್ಕೆ ಮೂರರ ಆಸುಪಾಸನ್ನು ಮೀರಿದರೆ, ಸಮೀಪದ ದಶಕಗಳ ಮಟ್ಟಿಗೆ, ಕಲ್ಲಿದ್ದಲಿನ ಎದುರು ಅನಿಲಕ್ಕಿರುವ ಮೇಲುಗೈ ಕರಗಿಹೋಗುತ್ತದೆ. ಸಾಧುವೆನಿಸಿದ್ದಕ್ಕೂ ಕೇಡೆನಿಸಿದ್ದಕ್ಕೂ ನಡುವಿನ ಅಂತರ ಇಷ್ಟು ಕಿರಿದು.

ತತ್ವಶಾಸ್ತ್ರದ ವಿದ್ಯಾರ್ಥಿಯಾಗಿದ್ದಾಗ ನಮಗೆ ಕಲಿಸಿದ್ದ ಒಂದು ಸೂತ್ರ ಈ ಸಂದರ್ಭದಲ್ಲಿ ನೆನಪಾಗುತ್ತದೆ. ಕಾರ್ಯವೊಂದು ಒಳಿತೆನಿಸಬೇಕಾದರೆ ಅದರ ಎಲ್ಲ ಅಂಗಗಳೂ ಒಳಿತಾಗಿರಬೇಕು. ಕೆಡುಕೆನಿಸಲು ಒಂದು ಅಂಗದ ಊನವೇ ಸಾಕು. ಸಂತ ತೋಮಸ್ ಅಕ್ವಿನಾಸರ ನೀತಿಶಾಸ್ತ್ರದಲ್ಲಿ ಮತ್ತೆಮತ್ತೆ ಬರುವ ವಿಚಾರವಿದು. ಹಳ್ಳಿಯ ಹೆಂಗಸಿಗೆ ಇದು ಸೂತ್ರವಿಲ್ಲದೆಯೇ ಗೊತ್ತು. ಮಡಕೆಯ ಬಾಯಿ ಚೆಂದವಿದ್ದರೇನು, ಮೈ ಹೊಳೆದರೇನು, ತಳದಲ್ಲಿ ತೂತಿದ್ದರೆ ಅದು ನೀರಿನ ಮಡಕೆಯಲ್ಲ. ಅನಿಲದ ವಿಚಾರದಲ್ಲಿ ನಾವು ಮಾಡಿರುವ ತಪ್ಪು ಇದೇ. ಒಲೆಯ ಬಳಿ ನಿಂತು, ಹೊಗೆಯಿಲ್ಲದ ನೀಲಿ ಜ್ವಾಲೆಯನ್ನು ನೋಡಿ, ಇದು ಶುದ್ಧವೆಂದು ತೀರ್ಪು ಕೊಟ್ಟಿದ್ದೇವೆ. ಬಾವಿಯಿಂದ ಒಲೆಯವರೆಗಿನ ದಾರಿಯನ್ನು ನೋಡಿಲ್ಲ. ಕೊನೆಯ ಕ್ಷಣವೊಂದನ್ನೇ ಕಂಡು ಇಡೀ ಕಾರ್ಯದ ಗುಣವನ್ನು ನಿರ್ಣಯಿಸುವುದು ತರ್ಕದೋಷ ಮಾತ್ರವಲ್ಲ, ನೈತಿಕ ದೋಷವೂ ಹೌದು.

'ನೈಸರ್ಗಿಕ' ಎಂಬ ವಿಶೇಷಣವೂ ನಮ್ಮನ್ನು ಹಾದಿತಪ್ಪಿಸಿದೆ. ನಿಸರ್ಗದಿಂದ ಬಂದುದೆಲ್ಲ ನಿರಪಾಯವೆಂಬ ಭಾವನೆ ಆ ಪದದಲ್ಲಿ ಅಡಗಿದೆ. ಹಾವಿನ ವಿಷವೂ ನೈಸರ್ಗಿಕವೇ. ವಸ್ತುವಿನ ಹುಟ್ಟು ಅದರ ಸಾಧುತ್ವಕ್ಕೆ ಪ್ರಮಾಣವಾಗದು. ಅದನ್ನು ಎಲ್ಲಿಂದ ಎತ್ತಿ ಎಲ್ಲಿಡುತ್ತೇವೆ ಎಂಬುದೇ ಮುಖ್ಯ.

ನ್ಯಾಯವಾಗಿ ಎದುರುಪಕ್ಷದ ಮಾತನ್ನೂ ಕೇಳಬೇಕು. ಸೌದೆಯ ಹೊಗೆಯಲ್ಲಿ ಕೆಮ್ಮುತ್ತ ಮುದ್ದೆ ತೊಳಸಿದ ತಾಯಂದಿರನ್ನು ಕಂಡವರು ಯಾರೂ ಅನಿಲವನ್ನು ಸುಮ್ಮನೆ ಹಳಿಯಲಾರರು. ಕಲ್ಲಿದ್ದಲಿನ ಬೂದಿಯೂ ಡೀಸೆಲಿನ ಹೊಗೆಯೂ ಮಾಡುವ ಹಾನಿ ಸಾಮಾನ್ಯವಲ್ಲ. ದಿವಂಗತ ಜಗದ್ಗುರು ಫ್ರಾನ್ಸಿಸರು 2015ರಲ್ಲಿ ಹೊರಡಿಸಿದ 'ಲೌದಾತೋ ಸೀ' ವಿಶ್ವಪತ್ರದಲ್ಲಿ ಮಾಲಿನ್ಯಕಾರಕ ಇಂಧನಗಳನ್ನು ಕ್ರಮೇಣ ಕೈಬಿಡಬೇಕೆಂದು ಹೇಳುವಾಗ ಕಲ್ಲಿದ್ದಲು, ತೈಲಗಳಿಗಿಂತ ಅನಿಲವನ್ನು ಒಂದು ಮೆಟ್ಟಿಲು ಕಡಿಮೆ ದೋಷದ್ದೆಂದೇ ಎಣಿಸಿದ್ದರು. ನಾನೂ ಅದನ್ನು ಒಪ್ಪುತ್ತೇನೆ. ಆದರೆ ಆ ಒಂದು ಮೆಟ್ಟಿಲಿನ ರಿಯಾಯಿತಿ ಸೋರದ ಅನಿಲಕ್ಕೆ ಸಲ್ಲುವಂಥದು. ಸೋರುವ ಅನಿಲ ಆ ರಿಯಾಯಿತಿಯನ್ನು ಕೇಳುವ ಅರ್ಹತೆಯನ್ನು ಕಳೆದುಕೊಳ್ಳುತ್ತದೆ.

ದೂರದ ಅಮೆರಿಕದ ಮಾತು ಸಾಕೆನ್ನುವವರಿಗೆ ನಮ್ಮ ನೆರೆಯಲ್ಲೇ ಪಾಠಗಳಿವೆ. 1995ರ ಜನವರಿಯಲ್ಲಿ ಗೋದಾವರಿ ಮುಖಜಭೂಮಿಯ ಪಾಶರ್ಲಪೂಡಿಯಲ್ಲಿ ಓ.ಎನ್.ಜಿ.ಸಿ. ಬಾವಿಯೊಂದು ಸಿಡಿದು ಎರಡು ತಿಂಗಳಿಗೂ ಹೆಚ್ಚು ಕಾಲ ಉರಿಯಿತು. 2014ರ ಜೂನ್ 27ರ ಮುಂಜಾನೆ ಅದೇ ಸೀಮೆಯ ನಗರಂ ಗ್ರಾಮದಲ್ಲಿ ಗೇಲ್ ಸಂಸ್ಥೆಯ ಕೊಳವೆಯಿಂದ ಸೋರಿದ ಅನಿಲಕ್ಕೆ ಬೆಂಕಿ ಹತ್ತಿಕೊಂಡು ಇಪ್ಪತ್ತಕ್ಕೂ ಹೆಚ್ಚು ಮಂದಿ ಪ್ರಾಣ ಕಳೆದುಕೊಂಡರು. ತಮಿಳುನಾಡಿನ ಕಾವೇರಿ ಮುಖಜಭೂಮಿಯಲ್ಲಿ, ಮನ್ನಾರ್‌ಗುಡಿಯ ಸುತ್ತ, ಕಲ್ಲಿದ್ದಲಿನ ಪದರದಿಂದ ಮೀಥೇನ್ ತೆಗೆಯುವ ಯೋಜನೆ ಬಂದಾಗ ಅಂತರ್ಜಲ ಬರಿದಾಗುವುದೆಂದು ರೈತರು ಎದ್ದುನಿಂತರು. ಸಾವಯವ ಕೃಷಿಯ ಹಿರಿಯರಾದ ಜಿ. ನಮ್ಮಾಳ್ವಾರರು ಆ ಹೋರಾಟದ ನಡುವೆಯೇ 2013ರ ಡಿಸೆಂಬರ್ 30ರಂದು ತೀರಿಕೊಂಡರು. 2017ರಲ್ಲಿ ನೆಡುವಾಸಲಿನ ಜನ ತಿಂಗಳುಗಟ್ಟಲೆ ಧರಣಿ ಕುಳಿತರು. ಕೊನೆಗೆ 2020ರಲ್ಲಿ ತಮಿಳುನಾಡು ಸರ್ಕಾರ ಕಾವೇರಿ ಮುಖಜಭೂಮಿಯನ್ನು ಸಂರಕ್ಷಿತ ಕೃಷಿ ವಲಯವೆಂದು ಶಾಸನಬದ್ಧವಾಗಿ ಘೋಷಿಸಿ, ಅಲ್ಲಿ ಹೊಸದಾಗಿ ತೈಲ ಮತ್ತು ಅನಿಲ ತೆಗೆಯುವುದನ್ನು ನಿಷೇಧಿಸಿತು. ಕಾವೇರಿಯ ನೀರಿಗಾಗಿ ನಾವೂ ಅವರೂ ಎಷ್ಟೇ ವ್ಯಾಜ್ಯವಾಡಿದ್ದರೂ, ನೆಲದಡಿಯ ನೀರು ಅನಿಲಕ್ಕಿಂತ ದೊಡ್ಡದೆಂಬ ಅವರ ತೀರ್ಮಾನಕ್ಕೆ ಕೋಲಾರದವರಾದ ನಾವು ತಲೆದೂಗಲೇಬೇಕು.

ಅಗೆದು ತೆಗೆದ ಮೇಲೆ ಏನು ಉಳಿಯುತ್ತದೆಂಬುದು ನಮಗೆ ತಿಳಿಯದ ವಿಷಯವೇನೂ ಅಲ್ಲ. ಭೂಮಿಯೊಳಗೆ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದಿದ್ದ ಕೋಲಾರ ಚಿನ್ನದ ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಿದವು. ಚಿನ್ನ ಎಲ್ಲೆಲ್ಲಿಗೋ ಹೋಯಿತು. ಸೈನೈಡ್ ದಿಬ್ಬಗಳು ಇಲ್ಲೇ ಉಳಿದವು. ಗಾಳಿಯೆದ್ದ ದಿನ ಅವುಗಳ ಧೂಳು ಕಾರ್ಮಿಕರ ಮಕ್ಕಳ ಮನೆಗಳನ್ನೇ ಹುಡುಕಿಕೊಂಡು ಬರುತ್ತದೆ. ಅಮೆರಿಕದಲ್ಲಿ ಕೈಬಿಟ್ಟ ತೈಲ ಮತ್ತು ಅನಿಲ ಬಾವಿಗಳು ಮೂವತ್ತು ಲಕ್ಷವನ್ನು ಮೀರುತ್ತವೆಂದು ಅಲ್ಲಿಯ ಸರ್ಕಾರಿ ಅಂದಾಜು. ಅವುಗಳಲ್ಲಿ ಅನೇಕವು ಮುಚ್ಚಳವಿಲ್ಲದೆ ಇಂದಿಗೂ ಮೀಥೇನನ್ನು ಉಗುಳುತ್ತಿವೆ. ಬತ್ತಿದ ಕೊಳವೆಬಾವಿಯ ಬಾಯಿಯನ್ನು ಮುಚ್ಚದೆ ಹೋದವನ ನಿರ್ಲಕ್ಷ್ಯಕ್ಕೆ ಎಳೆಯ ಮಕ್ಕಳು ಬಲಿಯಾದುದನ್ನು ಕಂಡ ನಾಡು ನಮ್ಮದು. 2010ರಲ್ಲಿ ಸರ್ವೋಚ್ಚ ನ್ಯಾಯಾಲಯವೇ ಅದಕ್ಕಾಗಿ ಮಾರ್ಗಸೂಚಿಗಳನ್ನು ಕೊಡಬೇಕಾಯಿತು. ಲಾಭ ಮುಗಿದೊಡನೆ ಬಾವಿಯ ಹೊಣೆಯೂ ಮುಗಿಯಿತೆಂದು ಭಾವಿಸುವ ಮನೋವೃತ್ತಿ ಅಲ್ಲಿಯೂ ಇಲ್ಲಿಯೂ ಒಂದೇ.

ಈ ಪ್ರಶ್ನೆಯಲ್ಲಿ ನಮ್ಮ ದೇಶದ ನಿಲುವೇನು? 2021ರ ನವೆಂಬರಿನಲ್ಲಿ ಗ್ಲಾಸ್ಗೋ ಸಮ್ಮೇಳನದಲ್ಲಿ, ಜಗತ್ತಿನ ಮೀಥೇನ್ ಹೊರಸೂಸುವಿಕೆಯನ್ನು 2020ರ ಮಟ್ಟದಿಂದ 2030ರೊಳಗೆ ನೂರಕ್ಕೆ 30ರಷ್ಟು ಇಳಿಸುವ ಪ್ರತಿಜ್ಞೆಯನ್ನು ಅನೇಕ ರಾಷ್ಟ್ರಗಳು ಕೈಗೊಂಡವು. ಮುಂದೆ ಅವುಗಳ ಸಂಖ್ಯೆ 150ನ್ನು ದಾಟಿತು. ಭಾರತ ಅದಕ್ಕೆ ಸೇರಲಿಲ್ಲ. ನಮ್ಮ ಮೀಥೇನಿನ ಬಹುಪಾಲು ದನಕರುಗಳಿಂದಲೂ ಭತ್ತದ ಗದ್ದೆಗಳಿಂದಲೂ ಬರುವಂಥದು, ಅದು ಬಡ ರೈತನ ಬದುಕು ಎಂಬುದು ನಮ್ಮ ಸರ್ಕಾರದ ವಾದ. ಈ ವಾದಕ್ಕೆ ಗಟ್ಟಿಯಾದ ಬುನಾದಿಯಿದೆ. 1991ರಷ್ಟು ಹಿಂದೆಯೇ ಅನಿಲ್ ಅಗರ್ವಾಲ್ ಮತ್ತು ಸುನೀತಾ ನಾರಾಯಣ್ ಅವರು, ಬಡವನ ಎಮ್ಮೆ ಬಿಡುವ ಮೀಥೇನನ್ನೂ ಶ್ರೀಮಂತನ ಕಾರು ಉಗುಳುವ ಹೊಗೆಯನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಅನ್ಯಾಯವೆಂದು ಸ್ಪಷ್ಟವಾಗಿ ವಾದಿಸಿದ್ದರು. ಎರಡು ಹಸುಗಳ ಹಾಲನ್ನು ಡೇರಿಗೆ ಹಾಕಿ ಮಕ್ಕಳ ಶಾಲೆಯ ಶುಲ್ಕವನ್ನು ಕಟ್ಟುವ ಕುಟುಂಬಗಳು ನಂಗಲಿಯ ಸುತ್ತ ಎಷ್ಟಿಲ್ಲ? ಅವರ ಕೊಟ್ಟಿಗೆಯ ಮೇಲೆ ಜಗತ್ತಿನ ತಾಪದ ಹೊರೆಯನ್ನು ಹೇರುವ ಯಾವ ನ್ಯಾಯವನ್ನೂ ನಾನು ಒಪ್ಪಲಾರೆ.

ಆದರೆ ವಾದ ಅಲ್ಲಿಗೆ ನಿಲ್ಲಬೇಕು. ಹಸುವಿಗೆ ಸಲ್ಲುವ ವಿನಾಯಿತಿ ಕೊಳವೆಗೆ ಸಲ್ಲದು. ಹಸು ಮೆಲುಕು ಹಾಕುವುದನ್ನು ನಿಲ್ಲಿಸಲಾಗದು. ಸಡಿಲಗೊಂಡ ಕವಾಟವನ್ನು ಬಿಗಿಯಬಹುದು. ತೈಲ ಮತ್ತು ಅನಿಲ ಉದ್ಯಮದ ಮೀಥೇನಿನಲ್ಲಿ ಸುಮಾರು ಮುಕ್ಕಾಲು ಭಾಗವನ್ನು ಈಗಿರುವ ತಂತ್ರಜ್ಞಾನದಿಂದಲೇ ತಡೆಯಬಹುದೆಂದು ಅಂತರರಾಷ್ಟ್ರೀಯ ಇಂಧನ ಸಂಸ್ಥೆ ಹೇಳಿದೆ. ತಡೆದ ಅನಿಲವನ್ನು ಮಾರಬಹುದಾದ್ದರಿಂದ ಖರ್ಚಿನ ಒಂದು ಪಾಲು ಹಿಂದಿರುಗಿಯೂ ಬರುತ್ತದೆ. ಹೀಗಿರುವಾಗ ಬಡವನ ಹಸುವನ್ನು ಮುಂದೆ ನಿಲ್ಲಿಸಿ ಅದರ ಮರೆಯಲ್ಲಿ ದೊಡ್ಡ ಉದ್ಯಮಗಳು ಲೆಕ್ಕದಿಂದ ತಪ್ಪಿಸಿಕೊಂಡರೆ, ಬಡವನ ಹೆಸರಿನಲ್ಲಿ ನಡೆಯುವ ಇನ್ನೊಂದು ವಂಚನೆಯೇ ಅದಾಗುತ್ತದೆ.

ಬಡವನಾದರೋ ತನ್ನ ಪಾಲನ್ನು ಆಗಲೇ ಸಲ್ಲಿಸಿದ್ದಾನೆ. ನಮ್ಮದೇ ಅವಿಭಜಿತ ಕೋಲಾರ ಜಿಲ್ಲೆಯ ಬಾಗೇಪಲ್ಲಿಯಲ್ಲಿ ಕೂಲಿಕಾರರ ಸಂಘವು ಸುಮಾರು 5,500 ಕುಟುಂಬಗಳಿಗೆ ಗೋಬರ್ ಗ್ಯಾಸ್ ಘಟಕಗಳನ್ನು ಕಟ್ಟಿಸುವ ಯೋಜನೆಯನ್ನು ಕ್ಯೋಟೋ ಒಪ್ಪಂದದ ಅಡಿಯಲ್ಲಿ 2005ರಲ್ಲಿ ನೋಂದಾಯಿಸಿತು. ಸಗಣಿಯಿಂದ ಹುಟ್ಟುವ ಮೀಥೇನನ್ನು ಹಿಡಿದು ಒಲೆಗೆ ತಂದವರು ಓದು ಬಾರದ ಕೂಲಿ ಹೆಂಗಸರು. ತಿಪ್ಪೆಯ ಅನಿಲವನ್ನು ಅವರು ಹಿಡಿದಿಡಬಲ್ಲರಾದರೆ, ಸಾವಿರಾರು ಕೋಟಿಯ ವಹಿವಾಟುಳ್ಳ ಸಂಸ್ಥೆಗಳಿಗೆ ತಮ್ಮ ಕೊಳವೆಯ ಅನಿಲವನ್ನು ಹಿಡಿದಿಡಲು ಆಗದೆಂದರೆ ನಂಬುವವರಾರು?

ಹಾಗಾದರೆ ನಾವು ಕೇಳಬೇಕಾದುದೇನು? ಅಡುಗೆಮನೆಯ ಸಿಲಿಂಡರ್ ಇಲ್ಲಿ ಒಂದು ಪಾಠವನ್ನು ಹೇಳುತ್ತದೆ. ಸಿಲಿಂಡರಿನೊಳಗಿನ ಅನಿಲಕ್ಕೂ ಸ್ವತಃ ವಾಸನೆಯಿಲ್ಲ. ಸೋರಿದರೆ ಗೊತ್ತಾಗಲೆಂದು ದುರ್ವಾಸನೆಯ ರಾಸಾಯನಿಕವೊಂದನ್ನು ಬೇಕೆಂದೇ ಸೇರಿಸಿರುತ್ತಾರೆ. ಆ ನಾತ ಮೂಗಿಗೆ ಬಡಿದೊಡನೆ ಮನೆಯಾಕೆ ಓಡಿಹೋಗಿ ರೆಗ್ಯುಲೇಟರನ್ನು ತಿರುಗಿಸುತ್ತಾಳೆ. ಅಂದರೆ ಕಾಣದ ಅಪಾಯವನ್ನು ಇಂದ್ರಿಯಕ್ಕೆ ಗೋಚರಿಸುವಂತೆ ಮಾಡುವುದು ರಕ್ಷಣೆಯ ಮೊದಲ ಹೆಜ್ಜೆ. ಗಾಳಿಗೆ ಸೇರುವ ಮೀಥೇನಿಗೂ ಅಂಥದೊಂದು ವಾಸನೆಯನ್ನು ನಾವು ಸೇರಿಸಬೇಕಾಗಿದೆ. ಅಳತೆ ಮತ್ತು ಪ್ರಕಟಣೆ, ಇವೇ ಆ ವಾಸನೆ. 2015ರ ಅಕ್ಟೋಬರಿನಲ್ಲಿ ಕ್ಯಾಲಿಫೋರ್ನಿಯದ ಅಲಿಸೋ ಕ್ಯಾನ್ಯನ್ ಸಂಗ್ರಹಾಗಾರದ ಬಾವಿಯೊಂದು ಒಡೆದು ಸುಮಾರು ನಾಲ್ಕು ತಿಂಗಳಲ್ಲಿ ಒಂದು ಲಕ್ಷ ಟನ್ನಿಗೆ ಸಮೀಪದ ಮೀಥೇನ್ ಹೊರಬಿದ್ದಾಗ, ಬರಿಗಣ್ಣಿಗೆ ಕಾಣದ ಆ ಮೋಡವನ್ನು ವಿಶೇಷ ಕ್ಯಾಮೆರಾಗಳು ಲೋಕಕ್ಕೆ ತೋರಿಸಿದವು. ಇಂದು ಉಪಗ್ರಹಗಳೂ ಆಕಾಶದಿಂದ ದೊಡ್ಡ ಸೋರಿಕೆಗಳನ್ನು ಗುರುತಿಸುತ್ತಿವೆ. ಕಾಣುತ್ತಿಲ್ಲವೆಂಬ ನೆಪ ಇನ್ನು ನಡೆಯದು.

ಭಾರತವು ಅನಿಲವನ್ನು ಕೊಳ್ಳುವ ದೊಡ್ಡ ರಾಷ್ಟ್ರಗಳಲ್ಲಿ ಒಂದು. ಕೊಳ್ಳುವವನಿಗೆ ಕೇಳುವ ಹಕ್ಕಿದೆ. ಐರೋಪ್ಯ ಒಕ್ಕೂಟವು ತಾನು ಆಮದು ಮಾಡಿಕೊಳ್ಳುವ ಅನಿಲ ಎಲ್ಲಿ ಎಷ್ಟು ಸೋರಿತೆಂಬ ಲೆಕ್ಕವನ್ನು ಕೇಳುವ ಕಾಯಿದೆಯನ್ನು 2024ರಲ್ಲಿ ತಂದಿತು. ಅದನ್ನು ಸಡಿಲಿಸುವ ಒತ್ತಡವೂ ಅಲ್ಲಿದೆ. ನಮ್ಮ ಖರೀದಿ ಒಪ್ಪಂದಗಳಲ್ಲಿಯೂ ಅಂಥ ಷರತ್ತೊಂದು ಏಕಿರಬಾರದು? ಓ.ಎನ್.ಜಿ.ಸಿ. ಸಂಸ್ಥೆಯು 2023ರ ದುಬೈ ಸಮ್ಮೇಳನದಲ್ಲಿ, 2030ರೊಳಗೆ ತನ್ನ ಬಾವಿಗಳ ಮೀಥೇನನ್ನು ಶೂನ್ಯದ ಸಮೀಪಕ್ಕೆ ಇಳಿಸುವ ಸನ್ನದಿಗೆ ಸಹಿ ಹಾಕಿದೆ. ಅದರ ಪ್ರಗತಿಯನ್ನು ವರ್ಷವರ್ಷವೂ ಜನರ ಮುಂದಿಡಬೇಕು. ಕೊಳವೆಮಾರ್ಗ ಹಾದುಹೋಗುವ ಪ್ರತಿಯೊಂದು ಗ್ರಾಮ ಪಂಚಾಯತಿಗೂ ಸೋರಿಕೆ ತಪಾಸಣೆಯ ವರದಿ ಅದರ ಭಾಷೆಯಲ್ಲೇ ತಲುಪಬೇಕು. ನಮ್ಮ ಪಾಲಿಗೆ ಉಳಿಯುವುದೂ ಸಣ್ಣದಲ್ಲ: ಹಾಳುಬಿದ್ದ ಗೋಬರ್ ಗ್ಯಾಸ್ ಗುಂಡಿಗಳನ್ನು ದುರಸ್ತಿ ಮಾಡಿಸುವುದು, ಮಣ್ಣು ಪರೀಕ್ಷೆ ಮಾಡಿಸಿ ಬೇಕಾದಷ್ಟೇ ಯೂರಿಯಾ ಹಾಕುವುದು. ಹೆಚ್ಚು ಹಾಕಿದ ಗೊಬ್ಬರ ಬೆಳೆಗೂ ಆಗದು, ನೆಲಕ್ಕೂ ಆಗದು.

ಪ್ರತಿ ಬಲಿಪೂಜೆಯ ಆರಂಭದಲ್ಲಿ ನಾವು ಆಲೋಚನೆಯಿಂದಲೂ ಮಾತಿನಿಂದಲೂ ಕ್ರಿಯೆಯಿಂದಲೂ ಮಾಡಿದ ಪಾಪಗಳೊಡನೆ, ಮಾಡಬೇಕಾದುದನ್ನು ಮಾಡದೆ ಬಿಟ್ಟ ಪಾಪವನ್ನೂ ಅರಿಕೆ ಮಾಡಿಕೊಳ್ಳುತ್ತೇವೆ. ಸೋರಿಕೆ ಎಂಬುದು ಆ ಕೊನೆಯ ಬಗೆಯ ಪಾಪ. ಯಾರೂ ಬೇಕೆಂದು ಅದನ್ನು ಮಾಡಿಲ್ಲ. ಕವಾಟವನ್ನು ಬಿಗಿಯದೆ ಬಿಟ್ಟರು, ಬಾವಿಯನ್ನು ಮುಚ್ಚದೆ ಬಿಟ್ಟರು, ಲೆಕ್ಕವನ್ನು ಕೇಳದೆ ಬಿಟ್ಟೆವು. ಮಾಡಿದವನನ್ನು ಗುರುತಿಸುವುದು ಸುಲಭ, ಮಾಡದೆ ಬಿಟ್ಟವರನ್ನು ಗುರುತಿಸುವುದು ಕಷ್ಟ; ಏಕೆಂದರೆ ಆ ಸಾಲಿನಲ್ಲಿ ನಾವೂ ನಿಂತಿರುತ್ತೇವೆ.

ನಂಗಲಿಯ ಗಡಿಯಲ್ಲಿ ಅಂದು ಹುಣಸೆಹಣ್ಣಿನ ಮೂಟೆಗೂ ರಸೀದಿ ಕೇಳುತ್ತಿದ್ದರು. ನಮ್ಮ ಮಕ್ಕಳು ಉಸಿರಾಡುವ ಗಾಳಿಗೆ, ಅವರು ಕಾಯಬೇಕಾದ ಮಳೆಗೆ, ಅಷ್ಟಾದರೂ ಬೆಲೆ ಬೇಡವೇ?